ಅತ್ತೆಯ ಮಂಡಿ

ಸತ್ತವರ ಸ್ಟೀಲು ಮಂಡಿಗಳನ್ನು ತೆಗೆದು ಮನೆಯವರಿಗೇ ಹಾಕುವುದು ಆ ಕಾಲದ ರೂಢಿ. ಮಂಡಿ ಹಳೆಯ ಯಜಮಾನರ ನಡಿಗೆಯನ್ನು ಮರೆಯುವುದಿಲ್ಲವೆಂಬುದೂ ಎಲ್ಲರಿಗೂ ಗೊತ್ತು. ಅದಕ್ಕೇ ಇಂದ್ರಾಣಿ ಮಂಡಿ ಸವೆದು ಗೋಡೆ ಹಿಡಿದು ನಡೆಯುವಂತಾದರೂ ಆಪರೇಷನ್ ಮುಂದೂಡುತ್ತಲೇ ಬಂದಳು. ಮನೆಯಲ್ಲಿದ್ದದ್ದು ಅತ್ತೆಯ ಮಂಡಿ. ಬದುಕಿದ್ದಷ್ಟು ದಿನ ಇವಳನ್ನು ಹುರಿದು ಮುಕ್ಕಿದವಳದ್ದು. ಕೊನೆಗೆ ನೋವೇ ಗೆದ್ದಿತು.

ಹೊಲಿಗೆ ಬಿಚ್ಚಿದ ಮರುದಿನವೇ ಗಂಡ ಪರಮೇಶಿ ಪೇಪರಿನಿಂದ ತಲೆಯೆತ್ತದೆ ಕೂಗಿದ: "ಮಲಗಿದ್ದು ಸಾಕು, ಕಾಫಿ ಮಾಡೇ."

ಇಂದ್ರಾಣಿ ವಾಕರ್ ಹಿಡಿದು ಎದ್ದಳು. ಅಡುಗೆಮನೆಯ ಹೊಸ್ತಿಲಲ್ಲಿ ಮಂಡಿಗಳು ಗಕ್ಕನೆ ನಿಂತವು. ಸೊಸೆ ಬಂದ ಮೇಲೆ ಅತ್ತೆ ಆ ಹೊಸ್ತಿಲು ದಾಟಿದವಳೇ ಅಲ್ಲ. ಅವು ತಿರುಗಿ ಇಂದ್ರಾಣಿಯನ್ನು ಜಗಲಿಯ ಬೆತ್ತದ ಕುರ್ಚಿಗೆ ಒಯ್ದು, ಕಾಲ ಮೇಲೆ ಕಾಲು ಹಾಕಿಸಿ ಕೂರಿಸಿದವು.

"ಏಯ್, ಕಿವಿ ಕೇಳಿಸ್ತಿಲ್ವಾ?"

"ನಂಗೆ ಕೇಳಿಸ್ತು ಕಣ್ರೀ," ಎಂದಳು ಇಂದ್ರಾಣಿ. "ಮಂಡಿ ನಿಮ್ಮಮ್ಮಂದು. ಕಾಫಿ ಮಾಡು ಅಂತ ಅವರಿಗೇ ಹೇಳಿ, ನೋಡೋಣ."