ಹಿಂದಿನ ಸೀಟು

ಹೆಡ್‌ಲೈಟು ಮೂರನೆಯ ಸಲ ಆರಿಹೋದಾಗ ನೆಲಿದಾ ಸ್ಟೀರಿಂಗಿಗೆ ಒಂದು ಗುದ್ದು ಗುದ್ದಿದಳು. ನಾಲ್ಕು ಗಂಟೆಗೆ ಕಾರಿನ ತಪಾಸಣೆ. ಫೇಲಾದರೆ ಬಾಡಿಗೆ ಓಡಿಸುವ ಲೈಸೆನ್ಸು ಹೋಯಿತು, ಮನೆಯ ಒಲೆಯೂ ಆರಿತು.

"ಎವರಿಸ್ತೊ ಮಾಮ, ಹೊಸಾ ಬ್ರೇಕರ್ ಅಂದ್ರಲ್ಲ!"

"ಹೊಸದೇ ಕಣೆ ಮಗಳೇ. ನಿನ್ನ ಚಿಕ್ಕಮ್ಮನ ಮಗ ತಾನೇ ಮಯಾಮಿಯಿಂದ ತಂದಿದ್ದು? ನನ್ಯಾಕೆ ತಿಂತೀಯಾ?"

ಎಪ್ಪತ್ತು ದಾಟಿದ ಎವರಿಸ್ತೊ ಹವಾನಾದ ಆ ಬೀದಿಯ ಮುದಿ ಕಾರುಗಳಿಗೆಲ್ಲ ವೈರಿಂಗ್ ಮಾಡುವವನು, ಅವಳ ತೀರಿಹೋದ ಅಪ್ಪನ ಜೀವದ ಗೆಳೆಯ. ಕರೆಂಟು ಮಿತಿಮೀರಿದರೆ ಕಡಿಯುವುದು, ತಣ್ಣಗಾದ ಮೇಲೆ ಮತ್ತೆ ಬಿಡುವುದು, ಬ್ರೇಕರಿನ ಕೆಲಸ ಇಷ್ಟೇ. ಆದರೆ ಆ ಊರಿನಲ್ಲಿ ಓಡುವ ಕಾರಿಗೆ ಅಡ್ಡ ಬಂದ ಭಾಗಕ್ಕೆ ಉಳಿಗಾಲವಿಲ್ಲ. ಅದನ್ನು ಕಿತ್ತೆಸೆದು ಓಡಿಸಿದವನೇ ಜಾಣ. ಇಪ್ಪತ್ತು ವರ್ಷದ ಹಿಂದೆ ಅಪ್ಪನೂ ಬ್ರೇಕರ್ ಕಿತ್ತು ಆ ಜಾಗಕ್ಕೆ ತಾಮ್ರದ ತುಂಡೊಂದನ್ನು ಜಡಿದಿದ್ದ. ಬೀದಿಯೇ ಭೇಷ್ ಅಂದಿತ್ತು. ಈ ಸಲ ಬಂದಿರುವ ಅಧಿಕಾರಿ ಡ್ಯಾಶ್‌ಬೋರ್ಡಿನ ಕೆಳಗೂ ತಲೆ ತೂರಿಸುವ ಆಸಾಮಿ ಎಂದು ಕೇಳಿ ತಾಮ್ರ ತೆಗೆದು ಮತ್ತೆ ಬ್ರೇಕರ್ ಹಾಕುವ ಈ ರಗಳೆ.

ಹಿಂದಿನ ಸೀಟಿನಲ್ಲಿದ್ದ ಮುದುಕ ಕಾಫಿ ತರಲು ಇಳಿದ. ಲೈಟು ತಾನಾಗಿ ಹತ್ತಿತು. "ನೋಡಿದ್ಯಾ?" ಎಂದು ಎವರಿಸ್ತೊ ಕಾಫಿ ಲೋಟ ಹಿಡಿದು ಮತ್ತೆ ಹಿಂದಿನ ಸೀಟಿನಲ್ಲಿ ಕುಕ್ಕರಿಸಿದ. ಟಕ್. ಆರಿತು.

"ಮಾಮ, ಏಳಿ."

ಎದ್ದ. ಸ್ವಲ್ಪ ಹೊತ್ತಿಗೆ ಹತ್ತಿತು.

"ಈಗ ಕೂತ್ಕೊಳ್ಳಿ."

ಟಕ್.

"ನಾನು ಕೂತರೆ ಊರಿಗೇ ಕತ್ತಲೆ ಅಂತೀಯಾ?" ಎಂದು ಮುದುಕ ರೇಗಿದ.

ನೆಲಿದಾ ಅವನನ್ನು ಎಬ್ಬಿಸಿ ಸೀಟು ಎತ್ತಿದಳು. ಅದೇ ಬ್ರೇಕರಿನಿಂದ ಹಿಂದಿನ ದೀಪಕ್ಕೆ ಹೋಗುವ ತಂತಿಯ ಹೊದಿಕೆ ಉದ್ದಕ್ಕೂ ಬೆಂದು ಉದುರಿತ್ತು. ಯಾರಾದರೂ ಕೂತರೆ ಅದು ಕೆಳಗಿನ ಕಬ್ಬಿಣಕ್ಕೆ ತಾಗುತ್ತಿತ್ತು. ತಾಮ್ರ ಕರೆಂಟನ್ನು ಕಡಿಯದೆ ಇದ್ದುದರಿಂದ ತಾಗಿದಾಗೆಲ್ಲ ತಂತಿ ಕಾದು, ಸೀಟಿನ ಅಡಿಯ ನಾರು ಅಂಗೈಯಗಲ ಸುಟ್ಟು ಕರಕಲಾಗಿತ್ತು.

"ಇಪ್ಪತ್ತು ವರ್ಷ ಇದರ ಮೇಲೆ ಜನಾನ ಕೂರಿಸಿದೀವಾ?"

"ಏನೂ ಆಗಿಲ್ವಲ್ಲ! ಇಷ್ಟುದ್ದ ತಂತಿ ಹುಡುಕೋಕೆ ತಿಂಗಳಾದ್ರೂ ಬೇಕು. ಅವರು ಖಾಲಿ ಕಾರು ತಾನೇ ನೋಡೋದು? ಪಾಸಾಗ್ತೀಯ. ಆಮೇಲೆ ಬ್ರೇಕರ್ ಕಿತ್ತು ಅಪ್ಪನ ತಾಮ್ರಾನೇ ಹಾಕ್ಕೋ. ಯಾರು ಕೂತ್ರೂ ಲೈಟು ಆರಲ್ಲ."

ಪಾಸಾಯಿತು. ಅಧಿಕಾರಿ ಬ್ರೇಕರ್ ನೋಡಿ ಬೆನ್ನು ಬೇರೆ ತಟ್ಟಿದ. ಹೊರಗೆ ಬಂದವಳೇ ನೆಲಿದಾ ಹಲ್ಲು ಕಚ್ಚಿಕೊಂಡು ಅದನ್ನು ಕಿತ್ತು ತಾಮ್ರ ಜಡಿದಳು. ಹೊಟ್ಟೆಪಾಡು, ಏನು ಮಾಡುವುದು?

ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಮಬ್ಬುಗತ್ತಲೆ. ಜನ ಎಂದಿನಂತೆ ನಾ ಮುಂದು ತಾ ಮುಂದು ಎಂದು ತುಂಬಿಕೊಂಡರು. ಹೆಂಗಸೊಬ್ಬಳು ನಿದ್ದೆ ಹೋಗಿದ್ದ ಕೂಸನ್ನು ಹಿಂದಿನ ಸೀಟಿನಲ್ಲಿ ಮೆಲ್ಲಗೆ ಮಲಗಿಸಿದಳು. ಲೈಟು ಹಾಕಲು ಹೋದ ನೆಲಿದಾಳ ಕೈ ಅಲ್ಲೇ ನಿಂತಿತು. ಅಪ್ಪನ ಮೇಲೆ, ಮಾಮನ ಮೇಲೆ, ಎಲ್ಲಕ್ಕಿಂತ ತನ್ನ ಮೇಲೆಯೇ ಅವಳಿಗೆ ತಡೆಯಲಾರದ ಸಿಟ್ಟು ಬಂತು.

"ಇಳೀರಿ. ಎಲ್ರೂ ಇಳೀರಿ!"

"ಯಾಕಮ್ಮಾ, ಲೈಸೆನ್ಸ್ ಇಲ್ವಾ?"

"ಇದೆ. ಈಗ ತಾನೇ ಕೊಟ್ರು," ಎನ್ನುತ್ತ ಅವಳು ಹಿಂದಿನ ಬಾಗಿಲು ತೆಗೆದು ಕೂಸನ್ನು ತಾನೇ ಎತ್ತಿಕೊಂಡಳು.