ಗುಡ್ಡದ ಮರೆಯ ಕೆರೆದಂಡೆ

“ಪೂನಂ!” ಎಂದು ಅತ್ತೆ ಮುಕ್ತಾಬಾಯಿ ದಂಡೆಯಿಂದ ಕೂಗಿದ ಕೂಡಲೇ ಈಜುತ್ತಿದ್ದ ಪೂನಂಳ ಕೈಕಾಲು ನಿಂತುಹೋದವು. ಮದುವೆಯಾಗಿ ಮುಡಬಿಗೆ ಬಂದು ತಿಂಗಳೂ ತುಂಬಿರಲಿಲ್ಲ. ಬಟ್ಟೆ ಒಗೆಯಲು ಕೆರೆಗೆ ಬಂದವಳು, ಗುಡ್ಡದ ಮರೆಯ ಆ ಮೂಲೆಯಲ್ಲಿ ಗಾಳ ಹಾಕಿ ಕೂತಿದ್ದ ಗಂಡನ ಹೊರತು ಯಾರೂ ಇಲ್ಲವೆಂದು ನೀರಿಗೆ ಬಿದ್ದಿದ್ದಳು.

ಇಬ್ಬರನ್ನೂ ಹುಡುಕಿಕೊಂಡು ಬಂದಿದ್ದ ಅತ್ತೆ ಸೊಸೆಯ ಒದ್ದೆ ತಲೆಯನ್ನೇ ನೋಡುತ್ತ ಕೇಳಿದರು: “ಈಜು ಯಾರು ಕಲಿಸ್ಯಾರ ನಿನಗ?”

“ತವರಾಗ, ಬಾವ್ಯಾಗ ಕಲ್ತೀನ್ರಿ ಅತ್ಯಾ. ತಪ್ಪಾಯ್ತು, ಹೊರಗ ಬರ್ತೀನ್ರಿ.” ಪೂನಂ ಬೈಗುಳಕ್ಕೆ ಮನಸ್ಸು ಗಟ್ಟಿ ಮಾಡಿಕೊಂಡಳು. ಗಂಡ ಸ್ವಪ್ನಿಲ ಗಾಳದಿಂದ ಕಣ್ಣೆತ್ತಲೇ ಇಲ್ಲ.

ಮುಕ್ತಾಬಾಯಿ ಚಪ್ಪಲಿ ಬಿಟ್ಟರು. ಸೀರೆಯ ನೆರಿಗೆ ಎತ್ತಿ ಹಿಂದಕ್ಕೆ ಬಿಗಿಯಾಗಿ ಕಚ್ಚೆ ಸಿಕ್ಕಿಸಿದರು. “ಬರಬ್ಯಾಡ, ಅಲ್ಲೇ ನಿಂದ್ರು. ನನ್ನ ತವರು ಘಾಟಬೋರಾಳದ ಬಾವ್ಯಾಗ ನಾನೂ ಈಜ್ತಿದ್ದೆ. ಈ ಮನಿಗಿ ಬಂದ ಮ್ಯಾಲ ನೀರಿಗಿ ಇಳದೇ ಇಲ್ಲ ನೋಡು. ಕೈ ಕೊಡು, ಇನ್ನೂ ಬರ್ತದೇನು ನೋಡ್ತೀನಿ.”

ಪೂನಂ ದಂಡೆಯ ಹತ್ತಿರ ಬಂದು ಕೈ ಚಾಚಿದಳು. ಅತ್ತೆ ತಮ್ಮ ಒರಟು ಅಂಗೈಯಲ್ಲಿ ಅದನ್ನು ಗಟ್ಟಿಯಾಗಿ ಹಿಡಿದು ನೀರಿಗಿಳಿದರು. ನೀರು ಎದೆಮಟ್ಟ ಬಂದಾಗ ಆ ಕೈ ಮೆಲ್ಲಗೆ ಬಿಡಿಸಿಕೊಂಡಿತು. ಮುಕ್ತಾಬಾಯಿ ನಗುತ್ತ, ಸೊಸೆಯನ್ನು ದಾಟಿ ಮುಂದಕ್ಕೆ ಈಜಿದರು.