ಭೂಮದ ತಾಟು

ಒಂದೂರಿನಲ್ಲಿ ಬಂಗಾರದ ಕಣ್ಣಿನ ಮದುಮಗಳೊಬ್ಬಳು ಇದ್ದಳಂತೆ. ಅವಳು ತಲೆಯೆತ್ತಿದರೆ ಮದುವೆ ಮುರಿಯುತ್ತದೆಂದು ಹೆದರಿದ ತಾಯಿ, ನೆಲ ಬಿಟ್ಟು ಬೇರೇನನ್ನೂ ನೋಡಬೇಡ ಎಂದು ಹೇಳಿ ಹಸೆಗೆ ಕಳಿಸಿದಳಂತೆ. ಅಜ್ಜಿ ಹೇಳಿದ್ದರೆ ಕಥೆ ಹೀಗೇ ಶುರುವಾಗುತ್ತಿತ್ತು. ಹುಲಗೂರಿನ ಸುನಿತಾಳ ಕಣ್ಣಿಗೆ ಹತ್ತಿದ್ದು ಮಾತ್ರ ಕಾಮಣಿ, ಕಾಮಾಲೆಯ ಹಳದಿ.

ಮದುವೆಯ ವಾರದಲ್ಲೇ ಶಿಗ್ಗಾಂವಿಯ ಡಾಕ್ಟರು ರಕ್ತ ಪರೀಕ್ಷೆ ಮಾಡಿ ಹೇಳಿದ್ದರು: ಇದು ಹೆಪಟೈಟಿಸ್ ಎ, ಕೈಯಿಂದ ಬಾಯಿಗೆ ಹೋಗುವ ರೋಗ, ಸದ್ಯ ಬೇರೆಯವರ ಊಟದಲ್ಲಿ ಕೈಯಿಡಬಾರದು. ಇವಳ ಜೊತೆ ಉಂಡವರು ಸಣ್ಣವರಿರಲಿ, ದೊಡ್ಡವರಿರಲಿ, ಎರಡು ವಾರದೊಳಗೆ ಲಸಿಕೆ ಹಾಕಿಸಿಕೊಳ್ಳಬೇಕು. ತಾಯಿ ಗುತ್ತೆವ್ವ ಮಗಳ ತಲೆಯ ಮೇಲೆ ಕೈಯಿಟ್ಟು, ಬೀಗರಿಗೆ ತಾನೇ ಹೇಳುತ್ತೇನೆಂದು ಆಣೆ ಮಾಡಿದಳು. ಮದುವೆ ಮುಂದೂಡುವ ಮಾತಿಗೆ ಮಾತ್ರ ಕಿವಿಗೊಡಲಿಲ್ಲ. ಅರಿಷಿಣ ಹಚ್ಚುವ ದಿನ ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ದಪ್ಪಗೆ, ಮಗಳ ಮುಖಕ್ಕೆ ತಾನೇ ಹಚ್ಚಿದಳು. ಹಳದಿಯೊಳಗೆ ಹಳದಿ ಅಡಗಿತು.

ಮದುಮಕ್ಕಳೂ ಬೀಗರೂ ಒಂದೇ ತಾಟಿನಲ್ಲಿ ಕೈಯಿಕ್ಕುವ ಭೂಮದ ಊಟದ ಹೊತ್ತಿಗೆ ತಾಯಿ ಹೇಳಿರುತ್ತಾಳೆಂದು ಸುನಿತಾ ನಂಬಿದ್ದಳು. ಗಂಡ ಲೋಹಿತ ಕೂತ, ಅತ್ತೆ ವೀರವ್ವ ಕೂತಳು, ನಾದಿನಿಯ ಪುಟ್ಟ ಮಗಳು ಅಂಕಿತಾ ನಡುವೆ ನುಸುಳಿದಳು. ಲಿವರ್ ಕೆಟ್ಟು ಎಣ್ಣೆ, ತುಪ್ಪ ಬಿಟ್ಟಿದ್ದ ಮಾವ ಮೈಲಾರಪ್ಪನೂ ಶಾಸ್ತ್ರಕ್ಕೊಂದು ತುತ್ತು ಎಂದು ಕೈಯಿಟ್ಟ. ಯಾರಿಗೂ ಏನೂ ಗೊತ್ತಿಲ್ಲ. ಗಂಡನ ಹೆಸರು ಸೇರಿಸಿ ಒಡಪು ಹೇಳಿ ತುತ್ತು ಹಾಕೆಂದು ಹೆಂಗಸರು ಗಂಟುಬಿದ್ದರು. ಸುನಿತಾ ಕೈ ಹಿಂದಕ್ಕೆ ತೆಗೆದುಕೊಂಡಾಗ ಗುತ್ತೆವ್ವ ಹಿಂದಿನಿಂದ ಅವಳ ಮೊಣಕೈ ಹಿಡಿದು ತಾಟಿಗೆ ದೂಡಿದಳು. ಅನ್ನಕ್ಕೆ ತಾಗಿದ ಬೆರಳುಗಳನ್ನು ಸುನಿತಾ ಸಿಟ್ಟಿಗೆ ಮುಷ್ಟಿ ಮಾಡಿಕೊಂಡಳು. ನೆರೆದವರು ಅದನ್ನು ನಾಚಿಕೆಯೆಂದುಕೊಂಡು ನಕ್ಕರು.

ನೀವೂ ಬರ್ರಿ ಎಂದು ವೀರವ್ವ ಬೀಗತಿಯನ್ನು ಕರೆದಳು.

"ನಂದು ಇವತ್ತ ಉಪವಾಸ ಐತ್ರಿ" ಎಂದು ಗುತ್ತೆವ್ವ ದೂರವೇ ನಿಂತಳು.

ಗಂಡನ ಊರು ಹತ್ತಿಮತ್ತೂರಿಗೆ ಬಂದ ಮೇಲೆ ಸುನಿತಾ ತಲೆನೋವಿನ ನೆಪ ಹೇಳಿ ಅಡುಗೆಮನೆಗೆ ಕಾಲಿಡಲಿಲ್ಲ. ಪ್ರಸ್ತಕ್ಕೆ ಒಳ್ಳೆಯ ದಿನ ಇನ್ನೂ ಬಂದಿರಲಿಲ್ಲ, ಗಂಡನೂ ಅವಳ ಕಣ್ಣು ಕಂಡಿರಲಿಲ್ಲ. ದಿನಾ ತಾಯಿಗೆ ಫೋನು ಹಚ್ಚುತ್ತಿದ್ದಳು. ನೆಂಟರು ಹೋಗಲಿ, ಅಮಾವಾಸ್ಯೆ ಕಳೆಯಲಿ, ಬಂದಾಗ ಹೇಳುತ್ತೇನೆ ಎನ್ನುತ್ತಿದ್ದಳು ತಾಯಿ. ಹೇಳಿದರೆ ಹೊರಗೆ ಹಾಕಿಯಾರೆಂಬ ಭಯ ಸುನಿತಾಳಿಗೂ ಇತ್ತು. ಆದರೆ ಮಾವ ಒಂದು ಸಲ ಕೆಮ್ಮಿದರೂ ಅವಳು ಎದ್ದು ಅವನ ಕೋಣೆಯ ಬಾಗಿಲಿಗೆ ಹೋಗುತ್ತಿದ್ದಳು.

ಐದನೆಯ ದಿನ ಮಗಳನ್ನು ಕರೆದೊಯ್ಯಲು ಗುತ್ತೆವ್ವ ಬುತ್ತಿ ಹೊತ್ತು ಬಂದಳು. ವೀರವ್ವ ಚಹಾ ಕೊಡುತ್ತ ಸೊಸೆಯನ್ನು ಹೊಗಳಿದಳು. "ಭಾಳ ಛಲೋ ಹುಡುಗಿ ಕೊಟ್ಟೀರಿ. ಬಂದಾಗಿಂದ ಒಮ್ಮೆರೆ ತಲಿ ಎತ್ತಿಲ್ಲ ನೋಡ್ರಿ."

"ನಾವು ಬೆಳಸಿದ್ದ ಹಂಗರಿ" ಎಂದು ಗುತ್ತೆವ್ವ ಬೀಗಿದಳು.

"ಅವ್ವ" ಎಂದಳು ಸುನಿತಾ. "ನೀ ಹೇಳ್ತಿಯೋ, ನಾ ತಲಿ ಎತ್ತಲೋ?"

"ಸುಮ್ಕಿರ. ಬಾಳೇವು ಮಾಡೂ ಮನಸ್ಸು ಐತಿಲ್ಲ ನಿನಗ?"

ಸುನಿತಾ ತಲೆಯೆತ್ತಿ ಅತ್ತೆಯನ್ನು ನೆಟ್ಟಗೆ ನೋಡಿದಳು. ಮೈಯ ಅರಿಷಿಣ ತೊಳೆದುಹೋಗಿತ್ತು, ಕಣ್ಣೊಳಗಿನದು ಹೋಗಿರಲಿಲ್ಲ. ವೀರವ್ವನ ಕೈಯಲ್ಲಿದ್ದ ಚಹಾ ಬಾಯಿಗೆ ಮುಟ್ಟದೆ ಅರ್ಧಕ್ಕೇ ನಿಂತಿತು. ಆಗ ಗುತ್ತೆವ್ವ ಹೇಳಿದಳು. ಮಗಳಿಗೆ ಕಲಿಸಿದ್ದಂತೆಯೇ ನೆಲ ನೋಡುತ್ತ, ಎಲ್ಲವನ್ನೂ ಹೇಳಿದಳು.

ವೀರವ್ವ ಕೂಗಾಡಲಿಲ್ಲ. ಗಂಡ ಮಲಗಿದ್ದ ಕೋಣೆಯ ಕಡೆ ಒಮ್ಮೆ ನೋಡಿದಳು. "ನಮ್ಮನಿಯಾರ ಲಿವರ್ ಕೆಟ್ಟೈತಿ ಅಂತ ನಿಶ್ಚಯದ ದಿನಾನ ಹೇಳಿದ್ದೆ. ಎಣ್ಣಿ ಆಗಂಗಿಲ್ಲ ಅಂದಿದ್ದಕ್ಕ ಬ್ಯಾರೆ ಅಡಗಿ ಮಾಡಿಸಿದಾಕಿ ನೀವ. ಎಣ್ಣಿ ನೆನಪಿತ್ತು, ಇದು ನೆನಪಾಗಲಿಲ್ಲೇನ್ರಿ?"

ಗುತ್ತೆವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

ಮರುದಿನ ಸವಣೂರಿನ ದವಾಖಾನೆಯ ಬೆಂಚಿನ ಮೇಲೆ, ಭೂಮದ ತಾಟಿನ ಸುತ್ತ ಕೂತಿದ್ದವರೆಲ್ಲ ಸಾಲಾಗಿ ಕೂತಿದ್ದರು. ಮೈಲಾರಪ್ಪನನ್ನು ಡಾಕ್ಟರು ಒಳಗೆ ಕರೆದು, ಬಹಳ ಹೊತ್ತು ಪರೀಕ್ಷಿಸಿ ಲಸಿಕೆ ಕೊಟ್ಟರು. ಸೂಜಿ ಚುಚ್ಚಿದಾಗ ಅಂಕಿತಾ ಅತ್ತಳು. ಸಂತೈಸಲು ಸುನಿತಾ ಕೈಚಾಚಿದಳು. ನಾದಿನಿ ಮಗುವನ್ನು ಆಚೆ ಎಳೆದುಕೊಂಡಳು.

ಎಲ್ಲರದೂ ಮುಗಿದ ಮೇಲೆ, ಇನ್ನೂ ಯಾರಾದರೂ ಉಳಿದಿದ್ದಾರೆಯೇ ಎಂದು ನರ್ಸ್ ಶಾಕೀರಾ ಕೇಳಿದಳು. ಗುತ್ತೆವ್ವ ಬಾಗಿಲ ಮೂಲೆಯಿಂದ ಬಂದು ಕುಪ್ಪಸದ ತೋಳು ಮೇಲೆ ಸರಿಸಿದಳು.

ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿಕೊಂಡಿದ್ದ ವೀರವ್ವ ತಿರುಗಿ ನೋಡಿದಳು.

"ನಿಮಗ್ಯಾಕ್ರಿ ಬೀಗ್ತಿ? ಅವತ್ತ ನಿಮ್ಮದು ಉಪವಾಸ ಇತ್ತಲ್ಲ."